ತುಂಡು ಬೇಡ, ಎಸರು ಹಾಕ್ಲಾ?

ಚಳ್ಳಕೆರೆ ಸೀಮೆಯಲ್ಲಿ ಬಾಡು ಬಿಟ್ಟವನಿಗೆ ಮರ್ಯಾದೆ ಇಲ್ಲವೆಂದೇನಲ್ಲ. ಆದರೆ ಬಿಟ್ಟಿದ್ದಕ್ಕೊಂದು ಕಾರಣ ಬೇಕು. ಆ ಕಾರಣ ಒಂದೋ ದೇವರ ಕಡೆಯಿಂದ ಬಂದಿರಬೇಕು, ಇಲ್ಲವೇ ಡಾಕ್ಟರ ಕಡೆಯಿಂದ. ಶ್ರಾವಣ ಅಂದರೆ ಯಾರೂ ಮರುಮಾತಾಡುವುದಿಲ್ಲ. ಮಾಲೆ ಹಾಕಿದ್ದೀನಿ ಅಂದರೆ ಎದ್ದು ಜಾಗ ಬಿಡುತ್ತಾರೆ. ಸೋಮವಾರ, ಶನಿವಾರ, ಲಿಂಗಧಾರಣೆ, ಧರ್ಮಸ್ಥಳದ ಹರಕೆ, ಕೊಲೆಸ್ಟ್ರಾಲು, ಸ್ಟೆಂಟು ಎಲ್ಲವೂ ನಡೆಯುತ್ತದೆ. ನನ್ನ ಹತ್ತಿರ ಇದ್ಯಾವುದೂ ಇರಲಿಲ್ಲ. ಒಂದು ವರ್ಷತೊಡಕಿನ ದಿನ ಊಟಕ್ಕೆ ಕೂತಾಗ ಯಾಕೋ ಬೇಡ ಅನ್ನಿಸಿತು. ಮುಂದಿನ ಭಾನುವಾರವೂ ಹಾಗೇ ಅನ್ನಿಸಿತು. ಅಷ್ಟೇ. ಯಾವ ಕುರಿಮರಿಯೂ ನನ್ನ ಕಡೆ ತಿರುಗಿ ನೋಡಿ ಕಣ್ಣೀರು ಹಾಕಿರಲಿಲ್ಲ.

ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಕೆಲಸ ಮಾಡುವವರನ್ನು ನಮ್ಮ ಊರು ನಂಬುವುದಿಲ್ಲ. ನಾನು ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವವನು. ಎಣ್ಣೆ ಮಿಲ್ಲುಗಳ ಭರಾಟೆಯಲ್ಲಿ ಚಳ್ಳಕೆರೆಯನ್ನು ಎರಡನೇ ಬಾಂಬೆ ಎಂದು ಕರೆಯುತ್ತಿದ್ದ ಕಾಲದಿಂದಲೂ ಮಂಡಿಯಲ್ಲಿ ಮುಚ್ಚಿಡಬಹುದಾದ ಗುಟ್ಟು ಯಾವುದೂ ಇಲ್ಲ. ವಾರದೊಳಗೆ ಕಾರಣಗಳನ್ನು ಅವರೇ ಹುಡುಕಿ ಕೊಟ್ಟರು. ಶುಗರ್ ಬಂದಿದೆ, ಹೇಳಿಕೊಳ್ಳುತ್ತಿಲ್ಲ ಎಂದರು ಕೆಲವರು. ಜಾತಕದಲ್ಲಿ ಏನೋ ಇದೆ ಎಂದರು ಇನ್ನು ಕೆಲವರು. ಮಟನ್ ರೇಟು ಗೊತ್ತಿದ್ದ ಹಮಾಲಿಯೊಬ್ಬ, "ಪಾಪ, ಸಾಲ ಜಾಸ್ತಿ ಆಗಿರ್ಬೇಕು ಕಣ್ರಪ್ಪಾ" ಎಂದು ಮರುಗಿದ. ಅವನು ಅವತ್ತು ನನ್ನ ಟೀ ದುಡ್ಡನ್ನೂ ಕೊಟ್ಟುಬಿಟ್ಟ. ಬೇಡ ಅನ್ನಲಿಲ್ಲ.

ನಮ್ಮ ಬೀದಿಯ ಹಿರಿಯರೊಬ್ಬರು ಕೇಳಿದ್ದು ಮಾತ್ರ ಸ್ವಲ್ಪ ನಾಟಿತು. "ಏನಪ್ಪಾ, ಅಯ್ನೋರಾಗಿಬಿಟ್ಯಾ?" ತಮಾಷೆಗೇ ಕೇಳಿದರು. ಆದರೂ ಆ ಪ್ರಶ್ನೆಗೆ ನಮ್ಮ ದೇಶದಲ್ಲಿ ವಯಸ್ಸು ಬಹಳ. ಬಾಡು ಬಿಟ್ಟು, ಹೆಂಡ ಬಿಟ್ಟು, ಒಂದೆರಡು ತಲೆಮಾರಿನಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿ ಕೂರುವ ಪದ್ಧತಿಯನ್ನು ಮೈಸೂರಿನ ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕದಲ್ಲಿ ಗುರುತಿಸಿ, ಅದಕ್ಕೆ ದೊಡ್ಡ ಹೆಸರನ್ನೂ ಕೊಟ್ಟರು. ಬೀದಿಯ ಹಿರಿಯರು ಅದನ್ನು ಓದಿಲ್ಲ, ಓದುವ ಅಗತ್ಯವೂ ಅವರಿಗಿಲ್ಲ. ನಾನು ಬಾಡು ಬಿಡುವುದು ಅವರಿಗೆ ದೊಡ್ಡದಲ್ಲ, ಪಂಕ್ತಿ ಬಿಟ್ಟೇನು ಎಂಬುದೇ ಅವರ ಅನುಮಾನ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಮಾಂಸ ತಿನ್ನುವವರು. ನಾಲ್ವರ ಜೊತೆ ಕೂತಿದ್ದವನು ಎದ್ದು ಹೋದರೆ ಯಾಕೆ ಅಂತ ಕೇಳುವುದು ಅವರ ಹಕ್ಕೇ.

ಇದೇ ಮಂಡಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಮ್ಯಾಸನಾಯಕರವನು. ಕುರಿ ಬಾಡನ್ನು ಮುದ್ದೆಯ ಜೊತೆ ಸುಖವಾಗಿ ಉಣ್ಣುತ್ತಾನೆ. ಕೋಳಿ ಮಾತ್ರ ಮುಟ್ಟುವುದಿಲ್ಲ. ಅವನ ಅಪ್ಪನೂ ಮುಟ್ಟಲಿಲ್ಲ, ತಾತನೂ ಮುಟ್ಟಲಿಲ್ಲ. ಮ್ಯಾಸನಾಯಕರ ಕಟ್ಟುನಿಟ್ಟಿನ ಹಟ್ಟಿಗಳಲ್ಲಿ ಕೋಳಿ ಸಾಕುವುದೂ ಇಲ್ಲ. ಹೆಂಡವೂ ನಿಷಿದ್ಧ, ಹೆಂಡ ಕೊಡುವ ಈಚಲು ಮರವೂ ಮೈಲಿಗೆ. ದೇವರ ಎತ್ತುಗಳನ್ನು ಮೇಯಿಸಿಕೊಂಡು ಕಾವಲುಗಳಲ್ಲಿ ಬದುಕಿದ ಜನ. ಮದುವೆ ಮನೆಯಲ್ಲಿ ಚಿಕನ್ ಬಡಿಸಲು ಬಂದವನಿಗೆ ಅವನು ಕೈ ಅಡ್ಡ ಹಿಡಿದರೆ ಮುಗಿಯಿತು, ಬಕೆಟ್ಟು ಮುಂದಕ್ಕೆ ಹೋಗುತ್ತದೆ. ಪಕ್ಕದಲ್ಲಿ ಕೂತ ನಾನು ಕೈ ಅಡ್ಡ ಹಿಡಿದರೆ ಬಕೆಟ್ಟು ನಿಲ್ಲುತ್ತದೆ, ವಿಚಾರಣೆ ಶುರುವಾಗುತ್ತದೆ.

ಅವನೇ ಒಂದು ದಿನ ಉಪಾಯ ಹೇಳಿಕೊಟ್ಟ. "ಸುಮ್ನೆ ಒಂದು ದೇವ್ರ ಹೆಸ್ರು ಹೇಳಿಬಿಡಪ್ಪಾ." ಯಾವ ದೇವರು? ಇಬ್ಬರೂ ಕೂತು ಯೋಚಿಸಿದೆವು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಸರಿಯಾದ ಆಯ್ಕೆ. ಕೆರೆ ಕಟ್ಟಿಸಿದ ಪುಣ್ಯಾತ್ಮ, ಜಾತ್ರೆಯಲ್ಲಿ ಜನ ಸುಡುವುದೂ ಕೊಬ್ಬರಿಯನ್ನೇ. ಗೌರಸಮುದ್ರದ ಮಾರಮ್ಮನ ಹೆಸರು ಹೇಳಿದರೆ ಯಾರೂ ನಂಬುವುದಿಲ್ಲ, ಅವಳ ಪರಿಷೆಯೆಂದರೆ ಊರೂರೇ ಬಾಡೂಟದ ಹೊಗೆಯಲ್ಲಿರುತ್ತದೆ. ಕೊನೆಗೆ ಸುಳ್ಳಿಗೆ ತಿಪ್ಪೇಸ್ವಾಮಿಯನ್ನು ಎಳೆಯುವುದು ಬೇಡವೆಂದು ಬಿಟ್ಟೆವು.

ಮಾರಮ್ಮನ ಪರಿಷೆ ಬರುವುದು ಭಾದ್ರಪದದಲ್ಲಿ. ತುಮ್ಮಲು ಎಂಬ ಬಯಲಿನಲ್ಲಿ ಜನ ದೇವಿಯತ್ತ ಈರುಳ್ಳಿ ತೂರುತ್ತಾರೆ. ಆ ಬಯಲಿನಲ್ಲಿ ನಿಂತವರ ತಲೆಗೂ ನಾಲ್ಕು ಬೀಳುತ್ತವೆ, ಅದೂ ಪ್ರಸಾದವೇ. ಗುಡಿಯ ಮುಂದೆ ಬಲಿ ಕೊಡುವುದಕ್ಕೆ 1959ರ ರಾಜ್ಯದ ಕಾನೂನು ಅಡ್ಡ ಬರುತ್ತದೆ. ಊಟಕ್ಕೆ ಯಾವ ಕಾನೂನೂ ಇಲ್ಲವಾದ್ದರಿಂದ ಸುತ್ತಲಿನ ಮನೆ, ಹೊಲ, ಮರದ ನೆರಳುಗಳಲ್ಲಿ ಒಲೆ ಹೊತ್ತುತ್ತವೆ. ನೆಂಟರೊಬ್ಬರ ಹೊಲದಲ್ಲಿ ನನಗೂ ಎಲೆ ಹಾಕಿದ್ದರು. ಮೂರು ಕಲ್ಲಿನ ಮೇಲೆ ಕರಿ ಹಿಡಿದ ದೊಡ್ಡ ಪಾತ್ರೆ, ಅಂಚಿನಲ್ಲಿ ಕೆಂಪು ಎಣ್ಣೆಯ ನೊರೆ. ಬಡಿಸುವ ಅಕ್ಕ ಸೆರಗು ಬಿಗಿದು ಸೌಟು ಹಿಡಿದು ಬಂದರು. ನಾನು ತಿನ್ನಲ್ಲ ಅಂದೆ. ಸೌಟು ಎಲೆಯ ಮೇಲೆ ಅಲ್ಲೇ ನಿಂತಿತು.

"ತುಂಡು ಬೇಡ, ಎಸರು ಹಾಕ್ಲಾ?"

"ಎಸರೂ ಬೇಡಕ್ಕಾ."

"ತುಂಡೇ ಇಲ್ದಂಗೆ ತೆಗ್ದು ಹಾಕ್ತೀನಪ್ಪಾ, ಬರೀ ಖಾರ." ಸೌಟಿನಿಂದ ತುಂಡುಗಳನ್ನು ಪಾತ್ರೆಯ ಅಂಚಿಗೆ ಒತ್ತಿ ಹಿಡಿದು, ರಸವನ್ನಷ್ಟೇ ಸೋರಿಸಿ ತೋರಿಸಿದರು. ಆ ಕೈಚಳಕಕ್ಕೆ ಮೆಚ್ಚಿಕೊಂಡು ಒಪ್ಪಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಒಂದು ಸಣ್ಣ ಮೂಳೆ ಬೇಲಿ ಹಾರಿ ಸೌಟಿನೊಳಗೆ ಬಂದು ಕೂತಿತ್ತು. ಅಕ್ಕ ಅದನ್ನು ಬೆರಳಲ್ಲಿ ತೆಗೆದು ಮತ್ತೆ ಪಾತ್ರೆಗೆ ಹಾಕಿ, "ಈಗ?" ಅಂದರು. ಕೊನೆಗೆ ನಾನು ಉಂಡದ್ದು ಮುದ್ದೆಗೆ ಮಜ್ಜಿಗೆ, ನಂಜಿಕೊಳ್ಳಲು ದೇವಿಗೆ ತೂರಿ ಮಿಕ್ಕ ಈರುಳ್ಳಿ. ಊಟ ಚೆನ್ನಾಗಿಯೇ ಇತ್ತು. ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಕರೆದು ಉಪವಾಸ ಕಳಿಸಿದ ಹಾಗಾಯಿತೆಂದು ಹೊರಡುವವರೆಗೂ ನೊಂದುಕೊಂಡರು.

ನನಗೆ ಧೈರ್ಯ ಬಂದದ್ದು ಮೊಳಕಾಲ್ಮುರಿನ ಕಡೆಯಿಂದ. ಆ ತಾಲ್ಲೂಕಿನ ಸಿದ್ದಾಪುರದ ಸುತ್ತ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಆಸುಪಾಸಿನಲ್ಲಿ, ಅಶೋಕ ಬರೆಸಿದ ಮೂರು ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಊರವರು ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರ ಗುಂಡು ಅನ್ನುತ್ತಾರೆ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಜಟಾಯು ಬಿದ್ದದ್ದು ಈ ಬೆಟ್ಟದಲ್ಲೇ ಎಂಬುದು ಸ್ಥಳಪುರಾಣ. ಹುಟ್ಟಾ ಮಾಂಸಾಹಾರಿಯಾದ ಹದ್ದಿಗೆ ಗುಡಿಯ ಮಗ್ಗುಲಲ್ಲೇ ಗೌರವ ಸಿಕ್ಕಿದೆ, ಯಾರೂ ಅದರ ಊಟದ ವಿಚಾರ ಎತ್ತಿಲ್ಲ.

ಆ ಬಂಡೆಗಳ ಮೇಲಿರುವುದು ಸುವರ್ಣಗಿರಿ ಎಂಬಲ್ಲಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಸುತ್ತೋಲೆ. ಮೊದಲು ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮವನ್ನೇನೂ ಪಡಲಿಲ್ಲ ಎಂದು ಚಕ್ರವರ್ತಿಯೇ ಬಂಡೆಯ ಮೇಲೆ ಕೊರೆಸಿದ್ದಾನೆ. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ಕಾಗದವನ್ನು ನಾನು ಇನ್ನೆಲ್ಲೂ ನೋಡಿಲ್ಲ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಬೇಕು, ಸತ್ಯ ನುಡಿಯಬೇಕು ಎಂಬ ಮಾತೂ ಅಲ್ಲೇ ಇದೆ. ಬರೆದ ಚಪಡ ತಾನು ಲಿಪಿಕಾರ ಎಂಬುದನ್ನು ಖರೋಷ್ಠಿಯಲ್ಲಿ ಗೀಚಿದ್ದಾನೆ. ವಾಯವ್ಯದ ಆ ಲಿಪಿಯನ್ನು ಈ ಬಯಲಿನಲ್ಲಿ ಓದುವವರು ಯಾರಿದ್ದರೋ. ಗುಮಾಸ್ತನ ಜಂಬ, ನನಗೆ ಅರ್ಥವಾಗುತ್ತದೆ.

ಅಡುಗೆಮನೆಯ ಲೆಕ್ಕ ಇರುವ ಶಾಸನ ನಮ್ಮಲ್ಲಿಲ್ಲ. ಅದಕ್ಕೆ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಹಿಂದೆ ಅರಮನೆಯ ಸಾರಿಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಹೋಗುತ್ತಿದ್ದವು, ಈಗ ಮೂರು ಮಾತ್ರ, ಎರಡು ನವಿಲು ಒಂದು ಜಿಂಕೆ, ಜಿಂಕೆಯೂ ದಿನವೂ ಅಲ್ಲ, ಮುಂದೆ ಇವೂ ಇಲ್ಲ ಎಂದು ಅದರಲ್ಲಿದೆ. ಆ ಎರಡು ನವಿಲನ್ನು ಯಾಕೆ ಉಳಿಸಿಕೊಂಡನೋ. ಬಿಡುವವರ ಮನೆಯಲ್ಲಿ ಹೀಗೆ ಒಂದು ನವಿಲು ಇದ್ದೇ ಇರುತ್ತದೆ. ನನಗೆ ಅದು ಮೊಟ್ಟೆ. ಆಮೇಲಿನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ, ಗಿಳಿ, ಬಾವಲಿ, ಇರುವೆ, ಮೂಳೆಯಿಲ್ಲದ ಮೀನು ಎಂದೆಲ್ಲ. ಕುರಿ ಮೇಕೆಗಳ ವಿಷಯಕ್ಕೆ ಬಂದಾಗ ಗಬ್ಬದ ಅಥವಾ ಹಾಲೂಡುವ ತಾಯಿ ಮತ್ತು ಆರು ತಿಂಗಳೊಳಗಿನ ಮರಿಗಷ್ಟೇ ರಕ್ಷಣೆ. ಅಶೋಕನೂ ಊರಿಗೆಲ್ಲ ಬಾಡು ಬಿಡಿಸಲು ಹೋಗಲಿಲ್ಲ. ಚಳ್ಳಕೆರೆಯ ಕುರಿಸಂತೆ ಅವನ ಕಾಲದಲ್ಲಿದ್ದರೂ ನಡೆಯುತ್ತಿತ್ತು.

ಈ ಶಾಸನಗಳನ್ನು ನಾನು ನೋಡಿದ್ದು ಬೆಂಗಳೂರಿನಿಂದ ಬಂದ ತಂಗಿಯ ಮಗಳ ಜೊತೆ. ಅವಳು ವೀಗನ್. ಬಾಡು, ಮೊಟ್ಟೆ ಇರಲಿ, ಹಾಲು, ಮೊಸರು, ತುಪ್ಪ, ಜೇನುತುಪ್ಪವೂ ಇಲ್ಲ. ನಾನು ಮನೆಯಲ್ಲಿ ಗಳಿಸಿದ್ದ ತ್ಯಾಗಿಯ ಪಟ್ಟವನ್ನು ಒಂದೇ ಹೊತ್ತಿಗೆ ಕಿತ್ತುಕೊಂಡಳು. ಅವ್ವ ಮೊದಲ ದಿನ ಅತ್ತೇಬಿಟ್ಟಳು. "ಮಜ್ಜಿಗೇನೂ ಇಲ್ದಂಗೆ ಯಂಗುಣ್ತೀಯೇ ನನ್ನವ್ವಾ?" ಆದರೆ ಎರಡನೇ ದಿನದಿಂದ ಅವ್ವ ಅಡುಗೆಯಲ್ಲಿ ಹೆಚ್ಚೇನೂ ಬದಲಿಸಬೇಕಾಗಲಿಲ್ಲ. ರಾಗಿ ಮುದ್ದೆ, ಹುರುಳಿಕಟ್ಟಿನ ಸಾರು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಹುಚ್ಚೆಳ್ಳು ಪುಡಿ, ನವಣೆ ಅನ್ನ, ಸಂಜೆಗೆ ಖಾರ ಮಂಡಕ್ಕಿ, ಮಿರ್ಚಿ. ಹಬ್ಬದ ಹೋಳಿಗೆಗೆ ತುಪ್ಪದ ಬದಲು ಕಾಯಿಹಾಲು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹುರುಳಿ, ಶೇಂಗಾ ಬಿಟ್ಟರೆ ಗತಿಯಿರಲಿಲ್ಲ. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಭಾಗ, ಶೇಂಗಾದಲ್ಲಿ ಸುಮಾರು 25 ಭಾಗ ಪ್ರೋಟೀನು ಎಂದು ಅವಳೇ ಲೆಕ್ಕ ಹೇಳಿದಳು. ಶೇಂಗಾ ಲೆಕ್ಕದಲ್ಲೇ ತಲೆ ನರೆತ ನನಗೆ ಇದು ತಿಳಿದಿರಲಿಲ್ಲ.

ಒಂದು ರಾತ್ರಿ ಶೇಂಗಾ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಟ್ಟಳು. ಬೆಳಿಗ್ಗೆ ಮೊಸರಾಗಿತ್ತು. ಅವ್ವ ಬೆರಳದ್ದಿ ನೋಡಿ ರುಚಿಯ ಬಗ್ಗೆ ಏನೂ ಹೇಳಲಿಲ್ಲ. ಬಟ್ಟೆಯಲ್ಲಿ ಉಳಿದಿದ್ದನ್ನು ತೋರಿಸಿ, "ಎಣ್ಣೆ ತೆಗೆದ ಹಿಂಡಿ ದನಕ್ಕಾತು, ಇದ್ಯಾರಿಗೆ?" ಎಂದಳು. ಮಧ್ಯಾಹ್ನ ಅದು ಹುಣಸೆ, ಬೆಳ್ಳುಳ್ಳಿ ಸೇರಿ ಚಟ್ನಿಯಾಗಿ ನಮ್ಮ ಎಲೆಗೇ ಬಂತು.

ಪೇಚಿಗೆ ಸಿಕ್ಕಿದ್ದು ಸೀರೆಯಲ್ಲಿ. ಅವಳ ಮದುವೆಗೆಂದು ಅವ್ವ ಮೊಳಕಾಲ್ಮುರು ರೇಷ್ಮೆ ಸೀರೆ ತೆಗೆದಿಟ್ಟಿದ್ದಾಳೆ, ಮೈ ಒಂದು ಬಣ್ಣ, ಅಂಚು ಇನ್ನೊಂದು. ಹುಡುಗಿ ಉಡಲಾರೆ ಅಂದಳು. ಹುಳ ಗೂಡಿನೊಳಗಿರುವಾಗಲೇ ಬಿಸಿನೀರಿಗೆ ಹಾಕಿದರೆ ಮಾತ್ರ ಎಳೆ ಉದ್ದಕ್ಕೆ ಬರುತ್ತದೆ, ಚಿಟ್ಟೆ ಕೊರೆದು ಹೊರಬಂದರೆ ಎಳೆ ತುಂಡು ತುಂಡು. ಒಂದು ಸೀರೆಗೆ ಸಾವಿರಾರು ಗೂಡು. ದಯೆಯ ಬಂಡೆ ಇರುವ ತಾಲ್ಲೂಕೇ ಈ ಸೀರೆಗೆ ಹೆಸರುವಾಸಿ. ಅಶೋಕನ ಪಟ್ಟಿಯಲ್ಲಿ ಇರುವೆಗೆ ಜಾಗ ಸಿಕ್ಕಿದೆ, ರೇಷ್ಮೆಹುಳುವಿಗೆ ಸಿಕ್ಕಿಲ್ಲ ಎಂದು ನಾನು ವಾದಿಸಿದೆ. ಚಿಟ್ಟೆ ಹಾರಿಹೋದ ಮೇಲೆ ನೂಲು ತೆಗೆಯುವ ಅಹಿಂಸಾ ರೇಷ್ಮೆಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಮಾಡಿ ತೋರಿಸಿದ್ದಾರೆ ಎಂದು ಅವಳು ವಾದಿಸಿದಳು. ನೇಯುವವರ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಇಬ್ಬರೂ ಸುಮ್ಮನಾದೆವು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಲಾಳಿ ಎಸೆಯುವವರ ಮುಂದೆ ನಮ್ಮ ಬೇಕು ಬೇಡಗಳನ್ನು ಇಡಲು ನನಗೆ ಬಾಯಿ ಬರುವುದಿಲ್ಲ. ಚಳ್ಳಕೆರೆಯ ಕಂಬಳಿಯ ಮಾತೆತ್ತುವ ಮೊದಲೇ ನಾನು ವಿಷಯ ಬದಲಿಸಿದೆ, ರಾತ್ರಿ ಚಳಿಯಿತ್ತು.

ಅವಳಿಗೆ ಒಂದೇ ಮಾತ್ರೆ ತಪ್ಪಿಸುವಂತಿಲ್ಲ, ಬಿ12. ಮುದ್ದೆ, ಹುರುಳಿ, ಸೊಪ್ಪು ಏನೇ ಉಂಡರೂ ಆ ಒಂದು ವಿಟಮಿನ್ನು ಗಿಡಗಳಲ್ಲಿ ಸಿಗುವುದಿಲ್ಲ. ಹಾಲೂ ಬಿಟ್ಟವರು ಬೇರೆಯಾಗಿ ತೆಗೆದುಕೊಳ್ಳಲೇಬೇಕು. ಬಿಡುವ ಉತ್ಸಾಹದಲ್ಲಿರುವವರು ಇದನ್ನು ಡಾಕ್ಟರ ಹತ್ತಿರ ಕೇಳಿಯೇ ಮುಂದುವರಿಯಲಿ. ಅವಳು ಮಾತ್ರೆ ನುಂಗುವುದನ್ನು ಕಂಡ ಅವ್ವನಿಗೆ ಎಲ್ಲ ಸಂಶಯವೂ ಪರಿಹಾರವಾಯಿತು. ಈಗ ಯಾರು ಕೇಳಿದರೂ "ಡಾಕ್ಟರು ಮಾತ್ರೆ ಕೊಟ್ಟವ್ರೆ, ಪಥ್ಯ" ಎನ್ನುತ್ತಾಳೆ. ಒಬ್ಬರೂ ಎರಡನೇ ಪ್ರಶ್ನೆ ಕೇಳಿಲ್ಲ.

ಭಾದ್ರಪದದಲ್ಲಿ ಮತ್ತೆ ಪರಿಷೆ ಬರುತ್ತದೆ. ಕರೆಯುವವರಲ್ಲಿ ವಿನಂತಿ ಇಷ್ಟೇ: ನಮ್ಮನ್ನು ಕರೆಯುವುದು ಬಿಡಬೇಡಿ, ಬೇರೆ ಮೂಲೆಯಲ್ಲಿ ಕೂರಿಸಲೂ ಬೇಡಿ. ಪಾತ್ರೆಗೆ ತುಂಡು ಬೀಳುವ ಮೊದಲು ಎರಡು ಸೌಟು ಖಾರ ಬೇರೆ ತೆಗೆದು, ಅದಕ್ಕೊಂದಿಷ್ಟು ಬೇಯಿಸಿದ ಅವರೆಕಾಳು ಹಾಕಿಡಿ. ಇಬ್ಬರು ಬರುತ್ತೇವೆ, ಒಬ್ಬರಿಗೆ ಮಜ್ಜಿಗೆ ಬೇಡ.