ನೂಕುನುಗ್ಗಲು ಮೀಮಾಂಸೆ: ಕಂಬಂ ಕಣಿವೆಯ ಆಧಾರಗಳ ಮೇಲೆ ಒಂದು ಕಾರಕ ವಿಚಾರ

ಒಂದು ವಸ್ತುವನ್ನೋ ವ್ಯಕ್ತಿಯನ್ನೋ ಇದ್ದ ಎಡೆಯಿಂದ ಬಲವಂತವಾಗಿ ಕದಲಿಸುವ ವ್ಯಾಪಾರಕ್ಕೆ ಕನ್ನಡದಲ್ಲಿ ತಳ್ಳು, ನೂಕು, ದಬ್ಬು, ದೂಡು ಎಂಬ ನಾಲ್ಕು ಧಾತುಗಳು ಮುಖ್ಯವಾಗಿ ಸಲ್ಲುತ್ತವೆ. ನಿಘಂಟುಗಳು ಇವನ್ನು ಪರ್ಯಾಯಪದಗಳೆಂದು, ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೂ ಅರ್ಥ ಕೆಡದ ಪದಗಳೆಂದು ಬಗೆದು, ಒಂದಕ್ಕೆ ಇನ್ನೊಂದನ್ನು ತೋರಿಸಿ ಕೈತೊಳೆದುಕೊಳ್ಳುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕೋಶದ ಕರ್ತೃ ಕಿಟೆಲರಾಗಲಿ, ಅವರಿಗೂ ಆರು ಶತಮಾನ ಹಿಂದಿನ ವೈಯಾಕರಣ ಕೇಶಿರಾಜನಾಗಲಿ ತಮಿಳುನಾಡಿನ ತೇನಿಯ ಬಸ್ ನಿಲ್ದಾಣವನ್ನು ಕಂಡವರಲ್ಲವಾದ್ದರಿಂದ, ಈ ನಾಲ್ಕರ ಭೇದವನ್ನು ಅವರು ಸ್ಥಳಪರೀಕ್ಷೆಯಿಂದ ನಿರ್ಣಯಿಸಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಬಲದ ಪ್ರಮಾಣವೇ ಭೇದಕ್ಕೆ ಕಾರಣ, ಮೆಲ್ಲಗಾದರೆ ತಳ್ಳು, ಜೋರಾದರೆ ದಬ್ಬು ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವ ಸಲುವಾಗಿಯೇ ಮೊದಲು ಮಂಡಿಸುವ ವಾದ. ಇದು ನಿಲ್ಲುವುದಿಲ್ಲ. ಭೇದಕ್ಕೆ ಕಾರಣ ಬಲವಲ್ಲ, ಕರ್ತೃವಿನ ವಿಳಾಸ. ಕರ್ತೃ ಯಾರೆಂದು ಕಣ್ಣಾರೆ ಗೊತ್ತಿದ್ದು, ಅವನು ಖಂಡಿತವಾಗಿ ತಾನಲ್ಲದಿದ್ದಾಗ ಕನ್ನಡಿಗನು ದಬ್ಬು ಎನ್ನುತ್ತಾನೆ. ಕತ್ತು ಹಿಡಿದು ದಬ್ಬಿದರು ಎಂಬಲ್ಲಿ ಕತ್ತು ಹೇಳುವವನದು, ಕೈ ಬೇರೆಯವರದು. ಕರ್ತೃಗಳು ನೂರಾರು ಮಂದಿಯಿದ್ದು ಯಾರೊಬ್ಬರೂ ಒಪ್ಪಿಕೊಳ್ಳದಿದ್ದಾಗ ಅದು ನೂಕು. ಕರ್ತೃವಿದ್ದೂ ಕಡತದಲ್ಲಿ ಕಾಣಿಸಿಕೊಳ್ಳಬಾರದಾದಾಗ ದೂಡು ಒದಗುತ್ತದೆ; ಸಭೆಯನ್ನು ಮುಂದೂಡಲಾಗಿದೆ ಎಂಬ ವಾಕ್ಯದಲ್ಲಿ ದೂಡಿದವರ ಹೆಸರು ಯಾವ ಕಚೇರಿಯ ಫಲಕದ ಮೇಲೂ ಇರುವ ಪದ್ಧತಿಯಿಲ್ಲ. ಉಳಿದ ತಳ್ಳು ಎಂಬುದು ಎಲ್ಲ ಕೆಲಸಕ್ಕೂ ಬರುವ ಆಳು: ಕೆಟ್ಟು ನಿಂತ ಲಾರಿಯಿಂದ ಹಿಡಿದು ನಿವೃತ್ತಿಯವರೆಗಿನ ದಿನಗಳವರೆಗೆ ಎಲ್ಲವನ್ನೂ ಅದರಿಂದಲೇ ತಳ್ಳಲಾಗುತ್ತದೆ.

ತೇನಿಯಲ್ಲಿ ಕಂಬಂ ಕಡೆಯ ಬಸ್ಸು ಬಂದು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು, ಬುತ್ತಿಚೀಲ, ಒಮ್ಮೊಮ್ಮೆ ಮಗುವನ್ನು ಇಳಿಬಿಟ್ಟು ಸೀಟಿನ ಹಕ್ಕನ್ನು ಸ್ಥಾಪಿಸಲಾಗುತ್ತದೆ. ಆಮೇಲೆ ಬಾಗಿಲಲ್ಲಿ ನಡೆಯುವುದು ಆ ಹಕ್ಕಿನ ನೋಂದಣಿ ಮಾತ್ರ. ಮೆಟ್ಟಿಲ ಮೇಲಿನವನನ್ನು ಏಕೆ ನೂಕಿದೆಯೆಂದು ಕೇಳಿದರೆ ಹಿಂದಿನವನನ್ನು ತೋರಿಸುತ್ತಾನೆ, ಹಿಂದಿನವನು ತನ್ನ ಹಿಂದಿನವಳನ್ನು, ಅವಳು ಹಣ್ಣಿನ ಬುಟ್ಟಿಯನ್ನು. ಹೀಗೆ ಕಾರಣಕ್ಕೆ ಕಾರಣ ಹುಡುಕುತ್ತ ಎಲ್ಲಿಯೂ ನಿಲ್ಲದಿರುವುದನ್ನು ತಾರ್ಕಿಕರು ಅನವಸ್ಥಾ ದೋಷವೆನ್ನುತ್ತಾರೆ. ಸರದಿಯ ಕಟ್ಟಕಡೆಯಲ್ಲಿ ನಿಂತು, ಹಿಂದೆ ಯಾರೂ ಇಲ್ಲದೆ ಹೋದ ನಿರ್ಭಾಗ್ಯನನ್ನು ಆದಿಕಾರಣವೆಂದು ಒಪ್ಪಬೇಕಾದೀತಾದರೂ, ಆತನು ಕಂಡಕ್ಟರ್ ಒಳಗೆ ಹೋಗಿ ಎಂದದ್ದನ್ನು ಪಾಲಿಸಿದವನಷ್ಟೇ. ಕಂಡಕ್ಟರನೋ ಯಾರನ್ನೂ ಮುಟ್ಟಿದವನಲ್ಲ.

ಗಡಿ ದಾಟಿ ಬಂದ ಕನ್ನಡಿಗನಿಗೆ ನಿಜವಾದ ಗೊಂದಲ ಒಳಗೆ ಹೊಕ್ಕಮೇಲೆ ಶುರುವಾಗುತ್ತದೆ. ತಳ್ಳು ಎಂಬ ಧಾತು ತಮಿಳಿನಲ್ಲಿಯೂ ಇದೇ ರೂಪದಲ್ಲಿದೆ. ಮಧುರೆಯ ಬ್ಯಾಂಕಿನ ಬಾಗಿಲನ್ನು ಮೈಸೂರಿನವನು ಅನುವಾದಕನಿಲ್ಲದೆ ತೆರೆಯಬಲ್ಲ. ಈ ಭರವಸೆಯಲ್ಲಿ ಇರುವವನಿಗೆ ಪಕ್ಕದ ಅಜ್ಜಿ ‘ತಳ್ಳಿ ಉಕ್ಕಾರುಂಗ’ ಎಂದಾಗ, ಅವನ ವ್ಯಾಕರಣದ ಪ್ರಕಾರ ಅದು ಯಾರನ್ನಾದರೂ ತಳ್ಳಿ ಕುಳಿತುಕೊಳ್ಳಿ ಎಂಬ ಉದಾರ ಅಪ್ಪಣೆಯಾಗುತ್ತದೆ. ಅಲ್ಲಿನ ಅರ್ಥ ಸ್ವಲ್ಪ ಸರಿದು ಕೂತುಕೊಳ್ಳಿ ಎಂದಷ್ಟೆ. ತಮಿಳು ತಳ್ಳಿ ಇಲ್ಲಿ ಆತ್ಮಾರ್ಥಕ, ಅಂದರೆ ಕರ್ತೃ ತನ್ನನ್ನೇ ತಳ್ಳಿಕೊಳ್ಳುತ್ತಾನೆ. ಕನ್ನಡದ ತಳ್ಳಿಗೆ ಇನ್ನೊಬ್ಬನು ಬೇಕೇಬೇಕು. ಮೂವರ ಸೀಟಿನಲ್ಲಿ ನಾಲ್ವರಿರುವಾಗ ಎರಡು ವ್ಯಾಖ್ಯಾನಗಳೂ ಒಂದೇ ಫಲವನ್ನು ಕೊಡುವುದರಿಂದ ವಿವಾದವು ಹೆಚ್ಚು ಬೆಳೆದಿಲ್ಲ.

ಇದೇ ಧಾತುವಿನಿಂದ ಹುಟ್ಟಿದ ತಳ್ಳುಪಡಿ ಎಂಬ ತಮಿಳು ಪದ ಇನ್ನೂ ತೊಡಕಿನದು. ಆಡಿ ತಿಂಗಳಲ್ಲಿ ದಿಂಡುಕ್ಕಲ್ಲಿನ ಸೀರೆ ಅಂಗಡಿಗಳ ಮೇಲೆ ತಳ್ಳುಪಡಿ ಎಂದಿದ್ದರೆ ಅದು ರಿಯಾಯಿತಿ. ಸರ್ಕಾರ ರೈತನ ಸಾಲಕ್ಕೆ ಅದೇ ಮಾತನ್ನಾಡಿದರೆ ಮನ್ನಾ. ನ್ಯಾಯಾಲಯ ಅದೇ ರೈತನ ಅರ್ಜಿಗೆ ಅಂದರೆ ವಜಾ. ಒಂದೇ ಮಾತಿಗೆ ಮೂರು ಬಾಗಿಲು, ಎರಡರಲ್ಲಿ ಹಬ್ಬ. ಕನ್ನಡವು ಈ ಮೂರನ್ನೂ ಪರಭಾಷೆಯ ಪದಗಳಿಗೆ ಒಪ್ಪಿಸಿ ತನ್ನ ತಳ್ಳುವನ್ನು ಗಾಡಿಗೆ ಮೀಸಲಿಟ್ಟಿರುವುದು ವಿವೇಕವೋ ಆಲಸ್ಯವೋ ಎಂಬುದು ವಿಚಾರಾರ್ಹ.

ತುರುಕು ಎಂಬ ಐದನೆಯ ಧಾತುವನ್ನು ಕೆಲವರು ಈ ಗಣಕ್ಕೆ ಸೇರಿಸುವುದಿಲ್ಲ. ಅಂಥವರು ಬೆಳಗಿನ ಜಾವ ಬೋಡಿನಾಯಕನೂರಿನಲ್ಲೋ ಕಂಬಂನಲ್ಲೋ, ಕೇರಳದ ಏಲಕ್ಕಿ ತೋಟಗಳಿಗೆ ಹೆಣ್ಣಾಳುಗಳನ್ನು ಒಯ್ಯುವ ಜೀಪುಗಳನ್ನು ನೋಡತಕ್ಕದ್ದು. ಬುತ್ತಿಯ ಡಬ್ಬಿಗಳು ಮಡಿಲಲ್ಲಿ, ಮಡಿಲುಗಳು ಒಂದರ ಮೇಲೊಂದು. ಕೊನೆಯವಳು ಹತ್ತಿದ ಮೇಲೆ ಹಿಂಬಾಗಿಲನ್ನು ಡ್ರೈವರು ಭುಜ ಕೊಟ್ಟು ಮುಚ್ಚುತ್ತಾನೆ. ನೂಕಿಸಿಕೊಂಡವನಿಗೆ ಹೋಗಲು ಇನ್ನೊಂದು ಜಾಗವಿರುತ್ತದೆ, ತುರುಕಿಸಿಕೊಂಡವಳಿಗೆ ಇರುವುದಿಲ್ಲ. ಇಷ್ಟೇ ಭೇದ, ಮತ್ತು ಇದು ಶಾಸ್ತ್ರದಲ್ಲಿ ತಮಾಷೆಗೆ ಒದಗದ ಭಾಗ.

ಮುಟ್ಟದೆಯೇ ತಳ್ಳುವ ಪರೋಕ್ಷ ಪ್ರಕಾರಕ್ಕೆ ಕಣಿವೆಯ ನೀರೇ ಸಾಕ್ಷಿ. ಪಡುವಣಕ್ಕೆ ಹರಿಯುವ ಪೆರಿಯಾರ್ ನದಿಗೆ ಪೆನ್ನಿಕ್ವಿಕ್ ಎಂಬ ಎಂಜಿನಿಯರ್ 1895ರಲ್ಲಿ ಅಣೆಕಟ್ಟನ್ನು ಕಟ್ಟಿ ಮುಗಿಸಿ, ಬೆಟ್ಟದಲ್ಲಿ ಸುರಂಗ ಕೊರೆಸಿ ನೀರನ್ನು ಮೂಡಣ ಕಣಿವೆಗೆ ತಿರುಗಿಸಿದ. ಅವನು ನೀರನ್ನು ತಳ್ಳಲಿಲ್ಲ, ಅದರ ಮಟ್ಟವನ್ನು ಏರಿಸಿ ದಾರಿ ತೋರಿಸಿದನಷ್ಟೆ. ಆ ನೀರಿನ ಮಟ್ಟ ಎಷ್ಟಿರಬೇಕೆಂಬ ಬಗ್ಗೆ ಎರಡು ರಾಜ್ಯಗಳು ನಡೆಸುತ್ತಿರುವುದಕ್ಕೆ ತಳ್ಳಾಟವೆಂಬ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ಕಪ್ಪಿಲಿಯ ಒಕ್ಕಲಿಗರು ಹಿಂದೆ ಕನ್ನಡ ನಾಡಿನಿಂದ ಬಂದವರು. ಅರಸರ ಉಪಟಳವೇ ತಮ್ಮನ್ನು ಹೊರಡಿಸಿತೆಂಬುದು ಅವರ ಪರಂಪರೆಯ ಕತೆ, ಎಂದರೆ ಮೇಲಿನ ವರ್ಗೀಕರಣದಲ್ಲಿ ನಿಸ್ಸಂದೇಹವಾಗಿ ದಬ್ಬು. ಕಂಬಂನಲ್ಲಿ ಈ ಸಮುದಾಯ ಸಾಕಿಕೊಂಡು ಬಂದ ದೇವರ ಹಿಂಡಿಗೆ ‘ದೇವರು ಆವು’ ಎಂದೂ ಅದರ ನಾಯಕ ಹೋರಿಗೆ ‘ಪಟ್ಟದ ಆವು’ ಎಂದೂ ಹೆಸರಿದ್ದುದನ್ನು 1906ರ ಮಧುರಾ ಗೆಜೆಟಿಯರ್ ಬರೆದಿಟ್ಟಿದೆ. ಪಟ್ಟದ ಹೋರಿ ಸತ್ತರೆ ಕುಲದವರೆಲ್ಲ ಶುಭದಿನದಲ್ಲಿ ಸೇರಿ, ಕರ್ಪೂರ ಬೆಳಗಿ, ಕಬ್ಬಿನ ಕಟ್ಟನ್ನು ಹಿಂಡಿನ ಮುಂದಿಡುತ್ತಿದ್ದರು; ಯಾವ ಹೋರಿ ತಾನಾಗಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿತೋ ಪಟ್ಟ ಅದರದು. ಅಧಿಕಾರವೊಂದು ತಳ್ಳು, ನೂಕು, ದಬ್ಬು, ದೂಡುಗಳಲ್ಲಿ ಒಂದರ ನೆರವೂ ಇಲ್ಲದೆ ಕೈಬದಲಾದ ಈ ವಿರಳ ಉದಾಹರಣೆಯನ್ನು ವಿವರವಾಗಿ ಕೊಡುವ ಗೆಜೆಟಿಯರು, ಅದನ್ನು ಮುಂದೆ ನಿಂತು ನೋಡಲು ಜನರು ಏನು ಮಾಡಿದರೆಂಬುದನ್ನು ಮಾತ್ರ ಹೇಳದೆ ಬಿಟ್ಟಿದೆ.