ವಾಯವ್ಯದ ಗುಂಡಿ, ಈಶಾನ್ಯದ ಗಂಗೆ

ಪೂಜ್ಯ ವಾಸ್ತು ಪಂಡಿತರ ಪಾದಗಳಿಗೆ, ಬಿ.ದುರ್ಗ ಹೋಬಳಿಯ 30×40 ಸೈಟಿನ ಮಾಲೀಕರೆಲ್ಲರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಅಪ್ಪಣೆಯಂತೆ ಈಶಾನ್ಯದಲ್ಲಿ ಬೋರ್‌ವೆಲ್ ಕೊರೆಸಿದೆವು, ವಾಯವ್ಯದಲ್ಲಿ ಪಾಯಿಖಾನೆ ಗುಂಡಿಗೆ ರಿಂಗ್ ಇಳಿಸಿದೆವು. ಒಬ್ಬರೂ ತಪ್ಪಲಿಲ್ಲ. ತಪ್ಪದಿದ್ದುದರಿಂದಲೇ ಒಂದು ಚಮತ್ಕಾರ ನಡೆದಿದೆ. ಸಾಲುಮನೆಗಳಲ್ಲಿ ನನ್ನ ವಾಯವ್ಯ ಮೂಲೆ ಎಂದರೆ ಪಡುವಣ ಮನೆಯವರ ಈಶಾನ್ಯ ಮೂಲೆ. ನನ್ನ ಗುಂಡಿ ಅವರ ಬೋರಿಗೆ ಒತ್ತಿಕೊಂಡಿದೆ, ಮೂಡಣ ಮನೆಯವರ ಗುಂಡಿ ನನ್ನ ಬೋರಿಗೆ. ನಡುವೆ ಒಂದು ಕಾಂಪೌಂಡ್ ಗೋಡೆಯಿದೆ, ಅದರ ಕಾವಲು ನೆಲದ ಮೇಲೆ ಮಾತ್ರ. ಬೀದಿಯ ಮೂಡಣ ತುದಿಯ ಮನೆಯವರೊಬ್ಬರಿಗೆ ಈ ಯೋಗವಿಲ್ಲ. ಅವರು ದಕ್ಷಿಣೆ ಹೆಚ್ಚು ಕೊಟ್ಟಿರಬೇಕು.

ಭಾರತೀಯ ಮಾನಕ ಬ್ಯೂರೋ ಎಂಬ ಇನ್ನೊಂದು ಪೀಠವಿದೆ, ತಾವು ಕೇಳಿರಲಾರಿರಿ. ಅವರ ಶಾಸ್ತ್ರ ದಿಕ್ಕು ನೋಡುವುದಿಲ್ಲ, ದೂರ ನೋಡುತ್ತದೆ: ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್, ಅಂದರೆ ಸುಮಾರು 60 ಅಡಿ. ನಮ್ಮ ಸೈಟಿನ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ 50 ಅಡಿ. ಎಂಟು ದಿಕ್ಕುಗಳನ್ನೂ ಬಲ್ಲ ತಾವು, ಉಳಿದ 10 ಅಡಿಯನ್ನು ಯಾವ ದಿಕ್ಕಿನಿಂದ ತರಬೇಕೆಂದು ದಯವಿಟ್ಟು ತಿಳಿಸಬೇಕು.

ಅದೇ ಪೀಠದವರು ಮಣ್ಣನ್ನೂ ಕೇಳಿ ಎನ್ನುತ್ತಾರೆ. ಗುಂಡಿ ಬರುವ ಜಾಗದಲ್ಲಿ ಅಷ್ಟೇ ಆಳದ ಸಣ್ಣ ಕುಳಿ ತೋಡಿ, ತಳಕ್ಕೆ ಒಂದಿಷ್ಟು ಜಲ್ಲಿ ಹಾಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಮತ್ತೆ ನೀರು ಹೊಯ್ದು, 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡುವುದು. ಖರ್ಚು ನಾಲ್ಕು ಕೊಡ ನೀರು. ನಮ್ಮಲ್ಲಿ ಇದನ್ನು ಮಾಡಿಸಿದವರನ್ನು ನಾನಿನ್ನೂ ಕಂಡಿಲ್ಲ. ತಾವು ದಿಕ್ಸೂಚಿ ನೋಡುತ್ತೀರಿ, ಮೇಸ್ತ್ರಿ ಕೂಲಿ ನೋಡುತ್ತಾನೆ, ಜೆಸಿಬಿಯವನು ಬಂಡೆ ಸಿಕ್ಕಿದ ಕಡೆ "ಸಾಕು" ಎನ್ನುತ್ತಾನೆ. ಎರೆಯಲ್ಲಿ ನೀರು ಇಂಗದೆ ಮಳೆಗಾಲಕ್ಕೆ ಗುಂಡಿ ಉಕ್ಕುತ್ತದೆ. ಕೆಂಪು ಗರಸಿನಲ್ಲಿ ಸರ್ರನೆ ಇಳಿದು, ಕೆಳಗಿನ ಬಂಡೆಯ ಬಿರುಕು ಸೇರುತ್ತದೆ. ಬಿರುಕಿನಲ್ಲಿ ಸೋಸುವುದಕ್ಕೆ ಮಣ್ಣೇ ಇಲ್ಲ. ನಮಗೋ ಉಕ್ಕುವ ಗುಂಡಿ ಶನಿ, ಇಳಿಯುವ ಗುಂಡಿ ಲಕ್ಷ್ಮಿ. "ಇಪ್ಪತ್ತು ವರ್ಷ ಆಯ್ತು, ಒಂದ್ಸಲಾನೂ ತುಂಬಿಲ್ಲ" ಎಂದು ಮೀಸೆ ತಿರುವುವವರು ಊರಿಗೆ ಹತ್ತು ಜನ. ತುಂಬಲಿಲ್ಲ, ಸರಿ. ಹೋಯಿತೆಲ್ಲಿಗೆ? ನೀರು ಬಾರದ ಬೋರಿಗೇ ಪಾಯಿಖಾನೆ ಪೈಪು ಬಿಟ್ಟ ಜಾಣರೂ ಇದ್ದಾರೆ. ಕೊರೆಸಿದ ದುಡ್ಡು ದಂಡವಾಗಬಾರದಲ್ಲ!

ಮಲಮೂತ್ರದಲ್ಲಿರುವ ಸಾರಜನಕ ಗುಂಡಿಯಲ್ಲಿ ಅಮೋನಿಯವಾಗಿದ್ದು, ಗಾಳಿಯಾಡುವ ಮಣ್ಣಿಗೆ ಬಂದಾಗ ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೇಟ್ ಆಗುತ್ತದೆ. ಮಣ್ಣಿನ ಜೇಡಿಕಣದ್ದು ಋಣ ವಿದ್ಯುದಂಶ, ನೈಟ್ರೇಟಿನದೂ ಅದೇ. ತಮ್ಮ ಭಾಷೆಯಲ್ಲಿ ಸಗೋತ್ರ, ಸಂಬಂಧ ಕೂಡದು. ಹಾಗಾಗಿ ಮಣ್ಣು ಅದನ್ನು ಹಿಡಿದುಕೊಳ್ಳದು, ನೀರಿನ ಜೊತೆ ನೆಟ್ಟಗೆ ಕೆಳಗೆ. ಬಣ್ಣವಿಲ್ಲ, ವಾಸನೆಯಿಲ್ಲ. ಕ್ಲೋರಿನ್ನಿಗೆ ಜಗ್ಗದು, ಕುದಿಸಿದರೆ ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ತಾವು ಆಯ ಲೆಕ್ಕ ಹಾಕಿದ್ದೀರಿ, ನಾನು ವ್ಯಯ ಹಾಕಿದ್ದೇನೆ. ಐದು ಜನರ ಮನೆ, ತಲೆಗೆ ದಿನಕ್ಕೆ 8 ಗ್ರಾಂ ಸಾರಜನಕವೆಂದರೂ 40 ಗ್ರಾಂ. ಅರ್ಧ ಗಾಳಿಗೆ ಹೋಯಿತೆನ್ನಿ. ಉಳಿದ 20 ಗ್ರಾಂ ಸುಮಾರು 89 ಗ್ರಾಂ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿ.ಗ್ರಾಂ ಮೀರಬಾರದೆಂಬುದು ಮಾನಕ. ಆ ಮಟ್ಟಕ್ಕೆ ತೆಳುಮಾಡಲು ದಿನಕ್ಕೆ ಸುಮಾರು 2000 ಲೀಟರ್ ಶುದ್ಧ ನೀರು ಬೇಕು. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದು, ಹತ್ತರಲ್ಲೊಂದು ಪಾಲು ಒಳಗಿಳಿದರೆ ಇಡೀ ಸೈಟಿಗೆ ದಕ್ಕುವುದು 6700 ಲೀಟರ್. ವರ್ಷದ ಮಳೆ ನಾಲ್ಕು ದಿನಕ್ಕೂ ಸಾಲದು. ಅಂಗಳಕ್ಕೆ ಹಾಕಿಸಿದ ಟೈಲ್ಸನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ಕರ್ನಾಟಕದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಈ 45ರ ಗೆರೆ ದಾಟಿವೆ. ತೋಟಕ್ಕೆ ಸುರಿಯುವ ಯೂರಿಯಾದ ಪಾಲೂ ಇದೆ, ಎಲ್ಲ ಪುಣ್ಯವೂ ತಮ್ಮದಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ರಾಜ್ಯವೇ ತಿರುಗಿ ನೋಡಿತು. ರೋಗಾಣು ಎರಡೇ ದಿನದಲ್ಲಿ ಸುದ್ದಿಯಾಗುತ್ತದೆ. ನೈಟ್ರೇಟ್ ಸುದ್ದಿಯಾಗುವುದಿಲ್ಲ, ಅದು ಬಾಟಲಿ ಹಾಲಿಗೆ ಬೆರೆಸಿದ ನೀರಿನ ಮೂಲಕ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನು ಕಸಿಯುತ್ತದೆ. ಕೂಸು ನೀಲಿಗಟ್ಟಿದರೆ ನಮ್ಮವರು ದೃಷ್ಟಿಯಾಗಿದೆಯೆಂದು ತಮ್ಮ ಹತ್ತಿರವೇ ತಾಯಿತಕ್ಕೆ ಬರುತ್ತಾರೆ.

ಆದ್ದರಿಂದ ಪಂಡಿತರೇ, ಮುಂದಿನ ಸಲ ಬರುವಾಗ ದಿಕ್ಸೂಚಿಯ ಜೊತೆಗೆ ಒಂದು ಗಡಿಯಾರ, ಒಂದು ಟೇಪು ತನ್ನಿ. ಪಕ್ಕದ ಮನೆಯ ಬೋರು ಎಲ್ಲಿದೆಯೆಂದು ಗೋಡೆಯಾಚೆ ಒಮ್ಮೆ ಇಣುಕಿ. ಹತ್ತು ಮನೆ ಸೇರಿ ಊರ ತಗ್ಗಿನಲ್ಲಿ, ಬೋರುಗಳಿಂದ ದೂರ, ಒಂದೇ ವ್ಯವಸ್ಥೆ ಮಾಡಿಕೊಳ್ಳಿ ಎಂದು ಶಾಸ್ತ್ರ ತೆಗೆದು ಹೇಳಿ. ಪಂಚಾಯಿತಿಯವರ ಮಾತನ್ನು ನಾವು ಕೇಳುವುದಿಲ್ಲ, ತಮ್ಮ ಮಾತನ್ನು ಕೇಳುತ್ತೇವೆ.

ಇಂತಿ,
ಮೂಡಣ ಮನೆಯವರ ಗುಂಡಿಯ ನೀರು ಕುಡಿಯುತ್ತಿರುವ ತಮ್ಮ ಭಕ್ತ