ಹದಿನಾರಕ್ಕೆ ಹದಿನಾರು ಸೇರಿದರೆ ಇಪ್ಪತ್ನಾಲ್ಕು

ನಮ್ಮನೆ ಕಂಪ್ಯೂಟರಿಗೆ ಮೆಮೊರಿ ಸಾಲದು ಅನ್ನೋದನ್ನು ಪತ್ತೆ ಹಚ್ಚಿದವಳು ಸಾಕ್ಷಾತ್ ಕಾವೇರಮ್ಮ. 2025ರ ಅಕ್ಟೋಬರ್ 17ರ ತುಲಾ ಸಂಕ್ರಮಣಕ್ಕೆ ನನ್ನ ತಮ್ಮ ತಲಕಾವೇರಿಯಲ್ಲಿ ನಿಂತು ಮೊಬೈಲಿನಲ್ಲಿ ಎರಡೂವರೆ ಗಂಟೆ ವಿಡಿಯೊ ಹಿಡಿದಿದ್ದ. ಅದರಲ್ಲಿ ಎರಡು ಗಂಟೆ ಹತ್ತು ನಿಮಿಷ ಮುಂದೆ ನಿಂತವರ ತಲೆಗಳು, ಹದಿನೈದು ನಿಮಿಷ ತಮ್ಮನ ಹೆಬ್ಬೆರಳು, ಉಳಿದ ಐದು ನಿಮಿಷ ತೀರ್ಥ ಉಕ್ಕುವ ಬ್ರಹ್ಮಕುಂಡಿಕೆ. ಆ ಐದು ನಿಮಿಷವನ್ನು ಕತ್ತರಿಸಿ, ಇಲ್ಲಿ ಮಿನ್ನಿಯಾಪೊಲಿಸ್ಸಿನಲ್ಲಿರುವ ನಮ್ಮ ಕೊಡಗಿನ ನಾಲ್ಕು ಮನೆಯವರಿಗೆ ತೋರಿಸೋಣ ಅಂತ ಕೂತೆ. ಅರ್ಚಕರು ತೀರ್ಥ ಚಿಮುಕಿಸಲು ಕೈ ಎತ್ತುತ್ತಲೇ ಕಂಪ್ಯೂಟರ್ ಗಕ್ಕನೆ ನಿಂತಿತು. ಎಂಟು ಸಲ ಹಾಕಿದೆ. ಎಂಟು ಸಲವೂ ತೀರ್ಥೋದ್ಭವ ಆಗಲಿಲ್ಲ.

ಕಂಪ್ಯೂಟರ್ ಮಗನದು. ಕಾಲೇಜಿಗೆ ಹೊರಡುವ ಮುಂಚೆ ಒಂದೊಂದೇ ಬಿಡಿಭಾಗ ತರಿಸಿ ತಾನೇ ಜೋಡಿಸಿದ್ದ. ಅದು ಸಾಲದೆಂದು ಓವರ್‌ಕ್ಲಾಕ್ ಬೇರೆ ಮಾಡಿದ್ದ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಅವನು ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದ. ನನಗೆ ಅರ್ಥವಾದದ್ದು ಇಷ್ಟು: ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು. ಎಂಟು ಜನಕ್ಕೆಂದು ಮಾಡಿದ ಜೀಪಿಗೆ ಹದಿನಾಲ್ಕು ಜನ ಹತ್ತಿಸಿ ನಮ್ಮೂರಿನವರು ಆ ಏರು ಹತ್ತಿಸುತ್ತಿದ್ದರಲ್ಲ, ಅದೇ ಓವರ್‌ಕ್ಲಾಕ್. ಜೀಪು ಹತ್ತುತ್ತದೆ. ಎಂಜಿನ್ ಕಾಯುತ್ತದೆ, ನಡುವೆ ಎಲ್ಲೋ ನಿಂತು ನೀರು ಹೊಯ್ಯಬೇಕಾಗುತ್ತದೆ, ಆದರೂ ಹತ್ತುತ್ತದೆ. ಕಂಪ್ಯೂಟರಿನ ಮೆಮೊರಿ ಮಾಮೂಲಿಗೆ 2133ರ ವೇಗದಲ್ಲಿ ಓಡುವಂಥದ್ದು. 3200ರವರೆಗೆ ಓಡಿಸಬಹುದು ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಮಗರಾಯ ಅದನ್ನು 3600ಕ್ಕೆ ಏರಿಸಿದ್ದ. "ಸ್ಪ್ರಿಂಗ್ ಬ್ರೇಕಿಗೆ ನಾನು ಬರೋ ತನಕ ಮುಟ್ಟಬೇಡ ಪಪ್ಪ" ಎಂದೂ ಹೇಳಿ ಹೋಗಿದ್ದ.

ಸ್ಪ್ರಿಂಗ್ ಬ್ರೇಕ್ ಮಾರ್ಚಿಗೆ. ಕಾವೇರಮ್ಮನನ್ನು ಐದು ತಿಂಗಳು ಕಾಯಿಸುವುದಾ?

ಎಂಟೆಂಟು ಜಿಬಿಯ ಎರಡು ಮೆಮೊರಿ ಪಟ್ಟಿ ಒಳಗಿದ್ದವು. ಅಂಥವೇ ಇನ್ನೆರಡು ತರಿಸಿದೆ. ಎಐ ಕಂಪನಿಗಳು ಲೋಕದ ಮೆಮೊರಿಯನ್ನೆಲ್ಲ ಬಾಚಿಕೊಳ್ಳತೊಡಗಿದ ಮೇಲೆ ಇದರ ಬೆಲೆ ಎಲ್ಲಿಗೋ ಹೋಗಿತ್ತು. ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ಡಾಲರನ್ನು ರೂಪಾಯಿಗೆ ತಿರುಗಿಸುವವಳಲ್ಲ, ನೇರ ಕರಿಮೆಣಸಿಗೆ ತಿರುಗಿಸುತ್ತಾಳೆ. "ಹದಿನೈದು ಕಿಲೋ ಮೆಣಸಿನ ದುಡ್ಡು! ಜ್ಞಾಪಕ ಶಕ್ತಿಗೆ ಗದ್ದೆ ಬದುವಲ್ಲಿ ಒಂದೆಲಗ ಇಲ್ಲವಾ?" ಅಂದಳು. ಕಂಪ್ಯೂಟರಿಗೆ ಚಟ್ನಿ ತಿನ್ನಿಸಲು ಬರುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನ್ನ ಜ್ಞಾಪಕ ಶಕ್ತಿ ಅರ್ಧ ಖರ್ಚಾಗಿತ್ತು.

ಜನವರಿಯ ಒಂದು ಶನಿವಾರ ರಾತ್ರಿ ಎಂಟಕ್ಕೆ ಮುಹೂರ್ತ. ಊರಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಅವ್ವ ಕಣದಲ್ಲಿ ಕಾಫಿ ಹಣ್ಣು ಹರಡುತ್ತಾ, ಫೋನನ್ನು ಒಂದು ಬುಟ್ಟಿಗೆ ಒರಗಿಸಿಟ್ಟುಕೊಂಡು ವಿಡಿಯೊ ಕಾಲಿನಲ್ಲಿ ಹಾಜರಿದ್ದಳು.

ನನಗಿದ್ದ ದೊಡ್ಡ ಭಯ ಸ್ಥಾಯೀ ವಿದ್ಯುತ್ತಿನದು. ಮಿನ್ನೆಸೋಟದ ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಒಳಗೆ ಹೀಟರಿನ ಒಣಗಾಳಿ. ಕಂಬಳಿ ಸರಿಸಿದರೆ ಚಿಟಿಪಿಟಿ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್. ನಮ್ಮ ಬೆರಳಿಗೆ ಹಾಗೆ ಚುರುಕ್ಕೆನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪು ಸಾಯಲು ಅದರಲ್ಲಿ ಒಂದು ಪಾಲು ಸಾಕು, ಸತ್ತದ್ದು ನಮಗೆ ಗೊತ್ತೂ ಆಗುವುದಿಲ್ಲ. ಭಾಗಮಂಡಲದಲ್ಲಿ ಹುಟ್ಟಿ ಬೆಳೆದವನಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ಮಳೆಗಾಲದಲ್ಲಿ ಸಂಗಮದ ನೀರು ರಸ್ತೆಗೆ ಬಂದು, ಪೆಟ್ಟಿಗೆಯೊಳಗಿನ ಬೆಲ್ಟಿಗೆ ಬೂಷ್ಟು ಹಿಡಿದು, ಬೆಂಕಿಪೊಟ್ಟಣವನ್ನು ಒಲೆ ಮೇಲೆ ಬೆಚ್ಚಗಿಟ್ಟು ಬದುಕಿದವರು ನಾವು. ನಮ್ಮಲ್ಲಿ ಕಡ್ಡಿ ಗೀರಿದರೇ ಕಿಡಿ ಬರುತ್ತಿರಲಿಲ್ಲ.

ಉಣ್ಣೆ ಕಾಲುಚೀಲ ಕಳಚಿದೆ, ಸ್ವೆಟರ್ ಕಳಚಿದೆ. ಕಾರ್ಪೆಟ್ ಬಿಟ್ಟು ಅಡುಗೆಮನೆಯ ಕಲ್ಲು ನೆಲದ ಮೇಲೆ ಬರಿಗಾಲಲ್ಲಿ ನಿಂತೆ. ಪ್ರತಿ ಸಲವೂ ಮೊದಲು ಕಂಪ್ಯೂಟರ್ ಪೆಟ್ಟಿಗೆಯ ಬರಿ ಲೋಹ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿದೆ. ಟಾರ್ಚ್ ಹಿಡಿದಿದ್ದ ನಮ್ಮವಳು, "ಭಗಂಡೇಶ್ವರನ ಗುಡಿಗೆ ಹೋದಾಗಲೂ ಇಷ್ಟು ಭಕ್ತಿ ಕಾಣಲಿಲ್ಲಪ್ಪ" ಅಂದಳು.

ಒಂದು ಗೇಣೂ ಇಲ್ಲದ ಪಟ್ಟಿ, ಅದರ ಅಂಚಿಗೆ ಎರಡೂ ಬದಿ ಸೇರಿ 288 ಚಿನ್ನದ ಹಲ್ಲು. ನಡುವಿನಿಂದ ಸ್ವಲ್ಪ ಆಚೆಗೆ ಒಂದು ಕಚ್ಚು, ತಿರುಗಾಮುರುಗಾ ಹಾಕಬಾರದೆಂದು. ಹಳೆಯವು ಎರಡನೆಯ, ನಾಲ್ಕನೆಯ ಸಂದಿಯಲ್ಲಿದ್ದವು. ಹೊಸವನ್ನು ಒಂದು, ಮೂರರಲ್ಲಿ ಕೂರಿಸಿದೆ. ಕೂರಿಸಿದೆ ಅನ್ನುವುದಕ್ಕಿಂತ ಇಟ್ಟೆ ಅನ್ನಬೇಕು; ಒತ್ತಲು ಧೈರ್ಯ ಸಾಲಲಿಲ್ಲ.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ನಿಂತಿತು. ಮತ್ತೆ ತಿರುಗಿ ಮತ್ತೆ ನಿಂತಿತು. ಪರದೆ ಕಪ್ಪು. ಒಳಗೊಂದು ಕಿತ್ತಳೆ ದೀಪ ಮಾತ್ರ ನನ್ನನ್ನೇ ನೋಡುತ್ತಿತ್ತು. ಕಂಬನಿ ಬರುವುದೊಂದು ಬಾಕಿ. ಆಗ ನೆನಪಾಯಿತು: ಹದಿನಾಲ್ಕು ಜನರನ್ನು ಇಳಿಸದೆ ಜೀಪಿಗೆ ಟ್ರೈಲರ್ ಕಟ್ಟಿದ್ದೆ! ಎರಡು ಪಟ್ಟಿಯನ್ನು 3600ಕ್ಕೆ ಓಡಿಸುವ ಪ್ರೊಸೆಸರಿಗೆ ನಾಲ್ಕನ್ನೂ ಅದೇ ವೇಗಕ್ಕೆ ಎಳೆಯಲು ತ್ರಾಣ ಇರಬೇಕಲ್ಲ. ಮೊದಲು ವೇಗ ಇಳಿಸಬೇಕು, ಆಮೇಲೆ ಭಾರ ಏರಿಸಬೇಕು. ನಾನು ಉಲ್ಟಾ ಮಾಡಿದ್ದೆ.

ಪ್ಲಗ್ ಕಿತ್ತು, ಒಳಗಿನ ಬಿಲ್ಲೆ ಬ್ಯಾಟರಿ ತೆಗೆದು ಐದು ನಿಮಿಷ ಕಾದೆ. ಹಾಗೆ ಮಾಡಿದರೆ ಮದರ್‌ಬೋರ್ಡಿಗೆ ಮಗ ಕಲಿಸಿದ್ದೆಲ್ಲ ಮರೆತುಹೋಗುತ್ತದೆ. ಮೆಮೊರಿ ಹೆಚ್ಚಿಸಲು ಹೊರಟವನು ಮೊದಲು ಮಾಡಿದ ಘನಕಾರ್ಯ ಇದು. ಬ್ಯಾಟರಿ ಹಾಕಿದೆ, ಸ್ವಿಚ್ ಒತ್ತಿದೆ. ಪರದೆ ಬೆಳಗಿತು! ನಮ್ಮವಳು ಟಾರ್ಚಿನ ಸಮೇತ ಚಪ್ಪಾಳೆ ತಟ್ಟಿದಳು. ಲೆಕ್ಕ ನೋಡಿದರೆ ಇಪ್ಪತ್ನಾಲ್ಕು ಜಿಬಿ.

ಹದಿನಾರಕ್ಕೆ ಹದಿನಾರು ಸೇರಿಸಿದರೆ ಇಪ್ಪತ್ನಾಲ್ಕು ಹೇಗಾಗುತ್ತದೆ? "ನಾಲ್ಕು ಹಾಕಿದ್ದೇನೆ ಅವ್ವ, ಮೂರೇ ಕಾಣ್ತಿದೆ" ಅಂದೆ.

ಕಾಫಿ ಹರಡುತ್ತಿದ್ದ ಅವ್ವ ತಲೆಯೆತ್ತಲೂ ಇಲ್ಲ. "ಇಲ್ಲಿ ಮೂರು ಹೊಳೆ ಕೂಡ್ತದೆ. ಕಾವೇರಿ ಕಾಣ್ತದೆ, ಕನ್ನಿಕೆ ಕಾಣ್ತದೆ, ಸುಜ್ಯೋತಿ ಕಾಣ್ತದಾ? ಹಾಗಂತ ಇಲ್ಲ ಅಂತಾರಾ ಯಾರಾದ್ರೂ?"

"ಅದು ದೇವರ ವಿಷಯ. ಇದಕ್ಕೆ ದುಡ್ಡು ಕೊಟ್ಟಿದ್ದೇನೆ."

ದುಡ್ಡು ಅಂದ ಕೂಡಲೇ ಅವ್ವ ಎದ್ದು ಬಂದು ಫೋನು ಕೈಗೆತ್ತಿಕೊಂಡಳು. ಮೆಣಸು ಏಳೂವರೆ ಕಿಲೋ ಗುಪ್ತಗಾಮಿನಿಯಾಗುವುದನ್ನು ಅವಳೂ ಒಪ್ಪುವವಳಲ್ಲ. ತೋರಿಸು ಅಂದಳು, ತೋರಿಸಿದೆ. ದೊಡ್ಡ ಫ್ಯಾನಿನ ಮರೆಗಿದ್ದ ಮೊದಲ ಪಟ್ಟಿಯ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ನಮ್ಮಿಬ್ಬರಿಗೂ ಕಾಣದ್ದು ಹದಿಮೂರು ಸಾವಿರ ಕಿಲೋಮೀಟರ್ ದೂರದಿಂದ ಅವ್ವನಿಗೆ ಕಂಡಿತು.

"ನೂಪುಟ್ಟು ಒತ್ತುವಾಗ ಹೆದರಿ ಹೆದರಿ ಒತ್ತಿದರೆ ಎಳೆ ಇಳೀತದಾ? ಭಾರ ಬಿಟ್ಟು ಒತ್ತು ಮಗ."

ಪ್ಲಗ್ ಕಿತ್ತು, ಲೋಹ ಮುಟ್ಟಿ, ಎರಡು ಹೆಬ್ಬೆರಳು ಎರಡು ತುದಿಗಿಟ್ಟು ಭಾರ ಬಿಟ್ಟೆ. ಬೋರ್ಡು ಬಾಗಿತು, ನನ್ನ ಉಸಿರು ನಿಂತಿತು. ಟಕ್! ಕ್ಲಿಪ್ಪು ತಾನಾಗಿ ಮುಚ್ಚಿಕೊಂಡಿತು. ಈ ಸಲ ಮೂವತ್ತೆರಡು. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ತೀರ್ಥೋದ್ಭವ ನೋಡಿದೆವು, ತಮ್ಮನ ಹೆಬ್ಬೆರಳಿನ ಪಕ್ಕದಲ್ಲಿ, ಎಲ್ಲೂ ನಿಲ್ಲದೆ.

ವೇಗವನ್ನು ಮತ್ತೆ 3600ಕ್ಕೆ ಏರಿಸುವ ಗೋಜಿಗೆ ಹೋಗಲಿಲ್ಲ. ಎರಡು ತಿಂಗಳಿಂದ 2133ರಲ್ಲೇ ಓಡುತ್ತಿದೆ. ಮೊನ್ನೆ ಮಗ ಬಂದು ಎರಡು ದಿನ ಆಟವಾಡಿ, "ನಾನು ಮಾಡಿದ ಓವರ್‌ಕ್ಲಾಕ್ ಹೇಗಿದೆ ನೋಡು ಪಪ್ಪ, ಬೆಣ್ಣೆ ಥರ ಓಡ್ತಿದೆ!" ಅಂದ. ಹೌದು ಅಂದೆ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದುವವರು ದಯವಿಟ್ಟು ಅವನಿಗೆ ಹೇಳಬೇಡಿ.